ಗಾಜು ತುಂಬಿದ ಕಾಲು

9 ಏಪ್ರಿಲ್ 2024, ಬೆಳಿಗ್ಗೆ 7
ಡ್ರೆಸ್ಸಿಂಗ್ ಮತ್ತೆ ಒದ್ದೆ. ಕೀವು ನಿಂತಿಲ್ಲ. ಹೋದ ವರ್ಷ ಎಸ್ಟೇಟಲ್ಲಿ ಕಾಳುಮೆಣಸು ಕುಯ್ಯುವಾಗ ಏಣಿಯನ್ನು ಮರಕ್ಕೆ ಕಟ್ಟದೆ ಹತ್ತಿದೆ, ಬಿದ್ದೆ. ತಪ್ಪು ನನ್ನದೇ. ಕಾಲಿನ ಮೂಳೆ ಕೂಡಿತು, ಒಳಗೆ ಸೋಂಕು ಉಳಿಯಿತು. ಮಲ್ಲಂದೂರಿಂದ ಎಂಟರ ಬಸ್ಸಿಗೆ ಚಿಕ್ಕಮಗಳೂರು, ದೊಡ್ಡ ಡಾಕ್ಟರ ಹತ್ತಿರ. ಕಾಲು ಉಳಿಯುತ್ತೋ ಇಲ್ವೋ... ಯಾರೂ ಬಾಯಿ ಬಿಡ್ತಿಲ್ಲ.

11 ಏಪ್ರಿಲ್
ಡಾಕ್ಟರ್ ಮೇಘಶ್ರೀ ಚಿತ್ರ ಬರೆದು ತೋರಿಸಿದರು. ಕೆಟ್ಟ ಮೂಳೆ ಕೆರೆದು ತೆಗೀತಾರೆ. ಆ ಗುಳಿಯೊಳಗೆ ಗಾಜಿನ ಹರಳು ತುಂಬ್ತಾರೆ — ಬಯೋಆಕ್ಟಿವ್ ಗ್ಲಾಸ್. ಅದರ ಹತ್ತಿರ ಕ್ರಿಮಿಗಳಿಗೆ ಬಾಳೋದು ಕಷ್ಟವಂತೆ. ನಿಧಾನಕ್ಕೆ ಕರಗುತ್ತಾ ಹೋದ ಹಾಗೆ ನನ್ನದೇ ಮೂಳೆ ಬೆಳೆಯುತ್ತಂತೆ.
ಅಮ್ಮ ತನ್ನ ಗಾಜಿನ ಬಳೆ ನೋಡಿಕೊಂಡಳು. "ಒಡೆದುಹೋದ್ರೆ ಏನ್ ಮಾಡೋದು ಡಾಕ್ಟ್ರೇ?"
ಡಾಕ್ಟರ್ ನಕ್ಕು ಮತ್ತೆ ಮೊದಲಿಂದ ಹೇಳಿದರು. ನಾನು ಕೇಳಿದ್ದು ಒಂದೇ — ಏಣಿ ಹತ್ತಬಹುದಾ? ಮೊದಲು ನಡೀರಿ ಅಂದರು.

30 ಜೂನ್
ಆಪರೇಷನ್ ಆಗಿ ಎರಡು ತಿಂಗಳು. ಗಾಯ ಒಣಗಿದೆ. ವಾಕರ್ ಹಿಡಿದು ಬಚ್ಚಲಿಗೆ ಒಬ್ಬಳೇ ಹೋದೆ. ಅಮ್ಮ ಹೊಸ್ತಿಲು ದಾಟೋಕೂ ಬಿಡಲ್ಲ, ಎಲ್ಲಿ ಚೂರಾಗ್ತೀನೋ ಅಂತ.
ಎಸ್ಟೇಟಿನ ಮೇಸ್ತ್ರಿ ಓಂಕಾರಮೂರ್ತಿ ಬಂದಿದ್ದರು. "ಏನೇ ಗಾಜಿನ ಗೊಂಬೆ" ಅಂತಲೇ ಮಾತು ಶುರು. ಏಣಿ ಮರೆತುಬಿಡಬೇಕಂತೆ, ಕಣದಲ್ಲಿ ಕೂತು ಮೆಣಸು ಹಸನು ಮಾಡಬೇಕಂತೆ. ಈ ಎಸ್ಟೇಟಲ್ಲಿ ಏಣಿ ಹತ್ತೋ ಹೆಂಗಸು ನಾನೊಬ್ಬಳೇ. ಅದನ್ನು ಬಿಟ್ಟುಕೊಡೋಕೆ ಆಗಲ್ಲ. ಮೈಯೆಲ್ಲ ಉರಿದುಹೋಯ್ತು.

20 ಜನವರಿ 2025
ಎಕ್ಸ್-ರೇ. ಹಳೇದು, ಹೊಸದು ಪಕ್ಕಪಕ್ಕ. ಹರಳುಗಳ ನಡುವೆ ಮೂಳೆ ಬೆಳೆದು ಗುಳಿ ಮುಚ್ಚಿದೆ. ಸೋಂಕಿಲ್ಲ. "ಹತ್ತಿ," ಅಂದರು ಡಾಕ್ಟರ್, "ಹಗ್ಗ ಮಾತ್ರ ಮರೀಬೇಡಿ." ಆಸ್ಪತ್ರೆ ಕಾರಿಡಾರಲ್ಲೇ ಅತ್ತುಬಿಟ್ಟೆ. ಖುಷಿಗೆ.

17 ಫೆಬ್ರವರಿ, ಮಧ್ಯಾಹ್ನ 1:20
ಮೆಣಸು ಕುಯ್ಲು ಶುರು. ಮೇಸ್ತ್ರಿ ಬೆಳಿಗ್ಗೆ ಕಣದ ಕಡೆ ಕೈ ತೋರಿಸಿದರು. ಎಕ್ಸ್-ರೇ ಕೈಗೆ ಕೊಟ್ಟೆ. ಬಿಸಿಲಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ಏಣಿಯ ಬುಡ ತಾವೇ ಹಿಡಿದರು.
"ಹತ್ತು ಮಾರಾಯ್ತಿ. ನಾನು ಬಿಡಲ್ಲ."
ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಮರ. ಇಪ್ಪತ್ತೆರಡು ಮೆಟ್ಟಿಲು. ಮೇಲೆ ಹಗ್ಗ ಎರಡು ಸುತ್ತು ಬಿಗಿದೆ. ಕಾಲು ನಡುಗಲಿಲ್ಲ. ಮೊದಲ ಗೊಂಚಲು ಕಿತ್ತು ಕೂಗು ಹಾಕಿದೆ, ಇಡೀ ತೋಟಕ್ಕೆ ಕೇಳಿರಬೇಕು. ಕೆಳಗೆ ಅಮ್ಮ ಕೈ ಮುಗಿದುಕೊಂಡೇ ಬೈದಳು. ಗೆದ್ದೆ ನಾನು.
ಊಟ ಆಯ್ತು. ಪಕ್ಕದ ಮರ ಇನ್ನೂ ಎತ್ತರ. ಮೇಸ್ತ್ರಿ ಆಗಲೇ ಏಣಿ ಒರಗಿಸಿ ಕರೀತಿದ್ದಾರೆ — ಭವ್ಯಾ, ಬಾರೇ ಭವ್ಯಾ. ಗಾಜಿನ ಗೊಂಬೆ ಅನ್ನೋದು ಮರೆತೇಹೋಗಿದೆ ಅವರಿಗೆ. ಹೊರಟೆ, ಉಳಿದದ್ದು ಸಂಜೆ ಬಂದು ಬರೀತೀನಿ.