ಗಾಲಿ ಮೇಲಿನ ಅಡಿಗೆಮನೆ

೧೯೪೭ ಜನವರಿ ೫, ಮಧ್ಯಾಹ್ನ

ಊಟದ ಪಾತ್ರೆ ತೊಳೆದಾಯಿತು. ಅತ್ತೆ ಅಡ್ಡಾಗಿದ್ದಾರೆ. ಅಂಗಳದಲ್ಲಿ ಮತ್ತೆ ಗರಗಸದ ಸದ್ದು. ಇವರು ಪೆನ್ಶನ್ ಆದ ಮೇಲೆ ಈ ಮನೆಯಲ್ಲಿ ಒಂದು ಮಧ್ಯಾಹ್ನವೂ ಸುಮ್ಮನೆ ಕಳೆದಿಲ್ಲ. ಮಿಲಿಟರಿಯವರು ಹರಾಜಿಗೆ ಹಾಕಿದ ಹಳೆ ಅಂಬ್ಯುಲನ್ಸ್ ತಂದು ಬಾಗಿಲ ಮುಂದೆ ನಿಲ್ಲಿಸಿಕೊಂಡಿದ್ದಾರೆ. ಅದರೊಳಗೆ ಮಲಗಲು ಜಾಗ, ಸಾಮಾನಿಗೆ ಪೆಟ್ಟಿಗೆ, ಕೆಳಗೆ ಸಾಗವಾನಿ ಹಲಗೆ — ಎಲ್ಲ ಸ್ವಂತ ಕೈಯಿಂದಲೇ ಆಗಬೇಕಂತೆ. ಬಡಿಗ ಬೇಡವಂತೆ. ಜೀವಮಾನವೆಲ್ಲ ಆಫೀಸಿನಲ್ಲಿ ಫೈಲಿಗೆ ದಾರ ಕಟ್ಟಿದ ಕೈ! ಇವತ್ತು ಒಂದು ಹಲಗೆ ಅಳೆದು ಕೊಯ್ದರು. ಗಿಡ್ಡಾಯಿತು. ಇನ್ನೊಂದು ಕೊಯ್ದರು. ಅದೂ ಗಿಡ್ಡ. ತಪ್ಪು ಹಲಗೆಯದಂತೆ.

ಶಿವರಾತ್ರಿಗೆ ಕೂಡಲಸಂಗಮ. ಸೊಲ್ಲಾಪುರ, ವಿಜಾಪುರ ಮಾಡಿಕೊಂಡು ಒಂದು ತಿಂಗಳ ತಿರುಗಾಟ. ನಾನು ಹ್ಞೂಂ ಅಂದದ್ದು ಒಂದೇ ಆಸೆಗೆ. ಒಂದು ತಿಂಗಳು ಒಲೆ ಮುಂದೆ ಕೂರುವುದು ತಪ್ಪುತ್ತದೆ. ಮಠಗಳಲ್ಲಿ ದಾಸೋಹ ಇದೆ, ಊರೂರಿಗೆ ಖಾನಾವಳಿ ಇವೆ. ಯಾರೋ ಬಡಿಸಿದ್ದನ್ನು ಕೂತು ಉಣ್ಣಬೇಕು. ಈ ಮನೆಗೆ ಬಂದ ಮೇಲೆ ಹಾಗೆ ಉಂಡದ್ದು ಹೆರಿಗೆಗೆ ತವರಿಗೆ ಹೋದಾಗ ಮಾತ್ರ.

ಜನವರಿ ೮

ಹಲಗೆ ಕೂತವು. ನಡೆದರೆ ಕುಂಯ್ ಅನ್ನುತ್ತವೆ. ಅದು ಒಳ್ಳೆ ಸಾಗವಾನಿಯ ಲಕ್ಷಣ ಅಂದರು ಇವರು. ಸಂದಿಯಲ್ಲಿ ನನ್ನ ಕಿರುಬೆರಳು ಹೋಗುತ್ತದೆ. ಮೇಲೆ ಲಿನೋಲಿಯಂ ಹಾಸಿ ಮುಚ್ಚಿಬಿಟ್ಟರು. ಮೂಲೆಯಲ್ಲಿ ಅದು ನಾಯಿ ಕಿವಿಯ ಹಾಗೆ ಎದ್ದು ನಿಂತಿದೆ.

ಫಕೀರಪ್ಪ ಬಂದಿದ್ದ. ಯುದ್ಧದಲ್ಲಿ ಇಂಥದೇ ಗಾಡಿ ಓಡಿಸಿದವನು, ಯಾತ್ರೆಗೂ ಅವನೇ ಡ್ರೈವರ್. ಭಾಳ ಛಲೋ ಆಗ್ಯದ್ರಿ ಸಾಹೇಬ್ರ, ಅಂದ. ಚಹಾದ ಆಸೆಗೆ ಏನು ಬೇಕಾದರೂ ಅನ್ನುತ್ತಾನೆ. ಇವರು ನಿಜವೆಂದೇ ನಂಬಿ ನನಗೆ ಚಹಾ ಇಡಲು ಹೇಳಿದರು.

ಜನವರಿ ೧೪, ಸಂಕ್ರಮಣ

ಕುಸುರೆಳ್ಳು ಕೊಡಲು ಬಂದ ಹೆಂಗಸರನ್ನೆಲ್ಲ ಇವರು ಗಾಡಿ ಹತ್ತಿಸಿ ಇಳಿಸಿದರು. ಪಾಪ, ಅವರಿಗೂ ಬೇರೆ ಮನೆಗಳಿದ್ದವು. ಹೊಸ ಪೆಟ್ಟಿಗೆಗಳ ಮುಚ್ಚಳ ಎತ್ತೆತ್ತಿ ವರ್ಣನೆ. ಇದು ಜೋಳದ ಹಿಟ್ಟಿಗೆ. ಇದು ಬೇಳೆಗೆ. ಇದು ಇದ್ದಿಲಿಗೆ.

ಹಿಟ್ಟು? ಇದ್ದಿಲು? ಎಲ್ಲರ ಮುಂದೆ ಕೇಳಲಿಲ್ಲ.

ಜನವರಿ ೧೫

ಕೇಳಿದೆ. ಅವ್ವ ಹೊರಗಿನದು ಮುಟ್ಟುವವಳಲ್ಲ, ಅವಳಿಗೆ ರೊಟ್ಟಿ ಬಡಿಯಲೇಬೇಕು ಅಂದರು. ಹೇಗೂ ಒಲೆ ಹೊತ್ತಿರುತ್ತದೆ, ಉಳಿದವರಿಗೂ ನಾಲ್ಕು ಬಡಿದರೆ ಏನು ಭಾರ ಅಂದರು. ಉಳಿದವರು ಅಂದರೆ ತಾವು.

ಅತ್ತೆ ಒಳಗೆ ಎಲೆ ಮಡಚುತ್ತ ಕೂತಿದ್ದರು. ಅವರ ಮುಖ ನೋಡಲೂ ಮನಸ್ಸಾಗಲಿಲ್ಲ. ಮನಸ್ಸಿನಲ್ಲೇ ಸಾಕಷ್ಟು ಬೈದೆ.

ಜನವರಿ ೨೭

ಬರೆಯಲು ಬೇಸರ. ಏನು ಬರೆಯುವುದು? ಕಬ್ಬಿಣದ ಒಲೆ ಬಂತು. ಅದರ ಹಿಂದೆ ತಗಡು ಬಂತು. ಹೊಗೆ ಹೋಗಲಿ ಎಂದು ಗಾಡಿಯ ತಲೆಗೆ ತೂತು ಬಂತು. ಸೌಟಿಗೆ ಕೊಕ್ಕೆ, ಲಟ್ಟಣಿಗೆಗೆ ಕೊಕ್ಕೆ, ಹಿಟ್ಟು ನಾದುವ ಪರಾತಿಗೆ ಪಟ್ಟಿ. ನನ್ನ ಅಡಿಗೆಮನೆಯಲ್ಲಿ ಒಂದು ಮೊಳೆ ಹೊಡೆದುಕೊಡಿ ಎಂದು ಎಷ್ಟು ದೀಪಾವಳಿಗೆ ಕೇಳಿದ್ದೆನೋ. ಆಗ ಕೈಗೆ ಸುತ್ತಿಗೆ ಸಿಗುತ್ತಿರಲಿಲ್ಲ.

ಇವತ್ತು ಮಲಗುವ ಜಾಗ ತೋರಿಸಿದರು. ಅತ್ತೆಗೆ ಕಿಟಕಿ ಕಡೆ. ತಮಗೆ ಅಗಲವಾದದ್ದು, ಹತ್ತಿಯ ಗಾದಿ. ನನಗೆ ಒಲೆಯ ಪಕ್ಕ ಒಂದು ಹಲಗೆ, ಹಿಟ್ಟು ಬೇಳೆ ಎಲ್ಲ ಅದರ ಕೆಳಗೆ.

"ನಸುಕಿನ್ಯಾಗ ನೀ ಹಿಟ್ಟು ತಗೀಬೇಕಾದ್ರ ಮತ್ತೊಬ್ಬರ ನಿದ್ದಿ ಕೆಡೂದಿಲ್ಲ ನೋಡು," ಅಂದರು. ಹೊಗಳಲಿ ಎಂದು ನಿಂತೇ ಇದ್ದರು.

ಭಾಳ ಶಾಣ್ಯಾ ಇದ್ದೀರಿ ಅಂದೆ. ಖುಷಿಯಾಗಿ ಸಂಜೆಯವರೆಗೂ ಸಿಳ್ಳೆ ಹಾಕಿದರು. ಇಷ್ಟು ದಡ್ಡರಾಗಲು ಒಬ್ಬರು ಎಷ್ಟು ಓದಿರಬೇಕು?

ಫೆಬ್ರುವರಿ ೨, ಸಂಜೆ

ಟ್ರಾಯಲ್ ಆಯಿತು. ಯಾತ್ರೆಗೆ ಪೆಟ್ರೋಲ್ ಕೂಪನ್ ಉಳಿಸಬೇಕು, ಅದಕ್ಕೆ ಊರ ಹೊರಗಿನ ಕಾತ್ರಜದ ತನಕ ಮಾತ್ರ. ಮೊದಲ ತಿರುವಿನಲ್ಲೇ ಪೆಟ್ಟಿಗೆಯೊಂದು ಬಾಯಿ ತೆರೆಯಿತು. ತೊಗರಿಬೇಳೆಯೆಲ್ಲ ಲಿನೋಲಿಯಂ ಮೇಲೆ. ಇವರು ಮಂಡಿಯೂರಿ ಸಂದಿಯಿಂದ ಬೇಳೆ ಕೆದರುತ್ತ ರಸ್ತೆಯನ್ನು ಬೈದರು.

ವಾಪಸು ಬರುವಾಗ ಸ್ವಾರಗೇಟದಲ್ಲಿ ಇಂಜಿನ್ ಕಾದು ನಿಂತಿತು. ಫಕೀರಪ್ಪ ನೀರು ತರಲು ಹೋದ. ಎದುರಿಗೆ ಮೋಹನದಾಸ್ ಅನ್ನುವವರ ಹೋಟೆಲು, ಮಂಗಳೂರ ಕಡೆಯವರು. ಅತ್ತೆ ಇಳಿದು ಸೀದಾ ಒಳಗೆ ಹೋಗಿ ಕುರ್ಚಿಯಲ್ಲಿ ಕೂತರು. ಇವರು ಅವ್ವ, ಅವ್ವ ಎನ್ನುತ್ತ ಹಿಂದೆ ಓಡಿದರು. ನಾನೂ ಹೋದೆ.

ಗಲ್ಲಾದಲ್ಲಿ ಕೂತಿದ್ದ ಮೋಹನದಾಸ್ ಇವರನ್ನು ನೋಡಿ ನಕ್ಕರು. "ಎಂತ ರಾಯರೇ, ಕಾಣದೆ ಸುಮಾರು ದಿನ ಆಯ್ತಲ್ಲ? ಮಾಮೂಲಿ ಮಸಾಲೆ ದೋಸೆಯಾ?"

ಮಾಮೂಲಿ! ಆಫೀಸಿಗೆ ನಾನು ಕಟ್ಟಿಕೊಟ್ಟ ಡಬ್ಬಿ ಯಾರು ಉಣ್ಣುತ್ತಿದ್ದರೋ. ಇವರು ಗೋಡೆ ನೋಡತೊಡಗಿದರು.

ಅತ್ತೆ ಎರಡು ಇಡ್ಲಿ ತಿಂದರು. ಮತ್ತೆ ಎರಡು ತರಿಸಿದರು. ಸಾರು ಬಟ್ಟಲಿನಿಂದಲೇ ಕುಡಿದರು. ಹೊರಗಿನದು ನಿನಗೆ ಆಗುವುದಿಲ್ಲವಲ್ಲ ಎಂದು ಇವರು ಗೊಣಗಿದಾಗ ಬಟ್ಟಲು ಕೆಳಗಿಟ್ಟರು.

"ಯಾಂವ ಹೇಳ್ಯಾನ ಹಂಗಂತ? ನನ್ನ ಇಲ್ಲೀತನಕಾ ಹೊರಗ ಕರ್ಕೊಂಡ ಬಂದವರರೆ ಯಾರ ಅದಾರ?"

ಅತ್ತೆಗೆ ಮನಸ್ಸಿನಲ್ಲಿ ಬೈದದ್ದನ್ನೆಲ್ಲ ವಾಪಸು ತೆಗೆದುಕೊಂಡೆ. ಬಿಸಾಡಲಿಲ್ಲ. ಸೇರಬೇಕಾದವರಿಗೆ ಸೇರಿಸಿದೆ.

ಫೆಬ್ರುವರಿ ೩

ಹಾಗಾದರೆ ಒಲೆ ತೆಗೆಯಿರಿ ಅಂದೆ. ಇಷ್ಟು ಕಷ್ಟಪಟ್ಟು ಕೂರಿಸಿದ್ದೇನೆ, ವೇಸ್ಟ್ ಆಗಬಾರದು ಅಂದರು. ಒಲೆ ಇದ್ದ ಮೇಲೆ ಅಡಿಗೆ ಆಗಬೇಕಂತೆ. ಮೊದಲು ಅತ್ತೆಗಾಗಿ ಒಲೆ. ಈಗ ಒಲೆಗಾಗಿ ನಾನು.

ಫೆಬ್ರುವರಿ ೯, ಬೆಳಿಗ್ಗೆ

ಸಾಮಾನೆಲ್ಲ ಏರಿತು. ಮನೆಗೆ ಬೀಗ ಬಿತ್ತು. ಅತ್ತೆ ಮುಂದೆ, ಫಕೀರಪ್ಪನ ಪಕ್ಕ, ಸೆರಗು ಬಿಗಿದುಕೊಂಡು ಕೂತಿದ್ದಾರೆ. ಇವರು ಒಳಗೆ. ಹತ್ತು, ಹತ್ತು ಎಂದು ಅವಸರ.

ಹತ್ತಲಿಲ್ಲ. ಮನೆಯ ಮೆಟ್ಟಿಲ ಮೇಲೆ ಕೂತೆ.

"ಒಲಿ ಇಳಸ್ರಿ. ಅದು ಇಳದ ಮ್ಯಾಲೆ ನಾ ಏರತೀನಿ," ಅಂದೆ.

ನಕ್ಕರು. ಆಮೇಲೆ ನನ್ನ ಮುಖ ನೋಡಿದರು. ಹೊತ್ತಾಗುತ್ತದೆ ಅಂದರು, ಜನ ನೋಡುತ್ತಾರೆ ಅಂದರು, ಸಂಗಮದಿಂದ ಬಂದ ಮೇಲೆ ಖಂಡಿತ ತೆಗೆಯುತ್ತೇನೆ ಅಂದರು. ಇವತ್ತು ಹತ್ತಿದರೆ ಇನ್ನು ಸಾಯುವ ತನಕ ಯಾವ ಊರಿಗೆ ಹೋದರೂ ಒಲೆ ನನ್ನ ಹಿಂದೆ ಬರುತ್ತದೆ.

ಅತ್ತೆ ಹಿಂದೆ ತಿರುಗದೆಯೇ ಮಗನಿಗೆ ಅಂದರು. "ಮಾಲಿಂಗಾ, ಬಿಚ್ಚಪಾ. ಆಕಿ ಇಲ್ದ ನಾ ಬರೂದಿಲ್ಲ."

ಈಗ ಇವರು ಬೋಲ್ಟ್ ಬಿಚ್ಚುವ ಪಾನಾ ಹಿಡಿದು ಮಂಡಿಯೂರಿದ್ದಾರೆ. ಒಲೆಯನ್ನು ಹಲಗೆ ತೂರಿ ಕೆಳಗಿನ ಕಬ್ಬಿಣಕ್ಕೇ ಬೋಲ್ಟ್ ಹಾಕಿ ಬಿಗಿದಿದ್ದಾರೆ. ಇಡೀ ಗಾಡಿಯಲ್ಲಿ ಗಟ್ಟಿಯಾಗಿ ಮಾಡಿದ್ದು ಅದೊಂದೇ. ಎಣ್ಣೆ ಕೊಡು ಅಂದರು. ಮನೆಗೆ ಬೀಗ ಹಾಕಿದೆ ಅಂದೆ. ಕೈಚೀಲದಿಂದ ಈ ಡೈರಿ ತೆಗೆದು ಪೆನ್ಸಿಲ್ಲಿನಲ್ಲಿ ಬರೆಯುತ್ತ ಕೂತಿದ್ದೇನೆ.

ಒಂದು ಬೋಲ್ಟ್ ಬಂತು. ಕುತ್ತಿಗೆಯಿಂದ ಬೆವರು. ಇನ್ನೊಂದೂ ಬಂತು. ಫಕೀರಪ್ಪ ಬೀಡಿ ಹಚ್ಚಿ ನೋಡುತ್ತಿದ್ದಾನೆ, ಕೈ ಹಚ್ಚುತ್ತಿಲ್ಲ. ಶಾಣ್ಯಾ.

ಇವರು ಕೈ ನಿಲ್ಲಿಸಿದರು. ನನ್ನ ಕಡೆ ನೋಡುತ್ತಿದ್ದಾರೆ.

"ಬರೇ ಚಹಾಕ್ಕಷ್ಟ ಇರಲೇನು?"

ನಾನು ತಲೆ ಎತ್ತಿಲ್ಲ. ಬರೆಯುತ್ತಲೇ ಇದ್ದೇನೆ. ಬರೆಯಲು ಏನೂ ಇಲ್ಲ, ಆದರೂ ಬರೆಯುತ್ತೇನೆ. ಅವರು ಮತ್ತೆ ಪಾನಾ ಎತ್ತಿಕೊಂಡರು.