ಹಾನ್ನಾಳ ರೈಲು ತಡವಾದದ್ದು ನನ್ನಿಂದ

ಬೈಲಹೊಂಗಲ,
ಭಾನುವಾರ, ೧೨ ಅಕ್ಟೋಬರ್ ೨೦೨೫

ಪ್ರೀತಿಯ ಯಶೋಧಾಗೆ,

ಆಶೀರ್ವಾದ ಎಂದು ಬರೆಯಲು ಹೋಗಿ ಪೆನ್ನು ನಿಂತಿತು. ಆ ಹಕ್ಕು ನನಗಿದೆಯೋ ಇಲ್ಲವೋ, ಪತ್ರ ಓದಿ ಮುಗಿಸಿದ ಮೇಲೆ ನೀನೇ ಹೇಳು.

ನೀನು ಬರುವುದು ಬಿಟ್ಟು ಏಳು ವಾರವಾಯಿತು. ಗುರುವಾರ ಸಂಜೆ ಮೆಟ್ಟಿಲ ಮೇಲೆ ಕಾಲಸಪ್ಪಳವಾದರೆ ಇವತ್ತಿಗೂ ರೇಡಿಯೋ ಸಣ್ಣದು ಮಾಡುತ್ತೇನೆ. ಕೆಳಗಿನ ಟೇಲರ್ ಅಂಗಡಿಗೆ ಬಂದವರು ದಾರಿ ತಪ್ಪಿ ಮೇಲೆ ಹತ್ತಿರುತ್ತಾರೆ, ಅಷ್ಟೇ.

ಎರಡು ವಾರದ ಹಿಂದೆ ಶುಕ್ರವಾರದ ಸಂತೆಯಲ್ಲಿ ನಿಮ್ಮ ಆಸ್ಪತ್ರೆಯ ಆಯಾ ಕರೆವ್ವ ಸಿಕ್ಕಿದ್ದಳು. ನೀನು ಹೇಗಿದ್ದೀಯೆಂದು ಕೇಳಿದೆ. “ಡ್ಯೂಟಿಗೆ ಬರ್ತಾಳ್ರಿ, ಹೋಗ್ತಾಳ. ಆ ಜರ್ಮನಿ ಪುಸ್ತಕ ಎಲ್ಲಾ ಗಂಟ ಕಟ್ಟಿ ಅಟ್ಟದ ಮ್ಯಾಲ ಒಗದಾಳಂತ. ಅವರವ್ವ ಮರೆವ್ವನೂ ಅಂದ್ಳು, ನಮ್ಮಂಥಾವ್ರ ತಲಿಗೆ ಅದೆಲ್ಲಾ ಎಲ್ಲಿ ಹತ್ತತೈತಿ ಬಿಡವಾ ಅಂತ” ಎಂದಳು. ಬದನೆಕಾಯಿ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಯಶೋಧಾ, ಆ ಮಾತು ನಿಮ್ಮವ್ವನದಲ್ಲ. ಅದನ್ನು ನಿಮ್ಮ ಮನೆಗೆ ಕಳಿಸಿದವಳು ನಾನು.

ಮೊದಲಿನಿಂದ ಹೇಳುತ್ತೇನೆ. ಪುಣೆಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತಾರು ವರ್ಷ ಯಂತ್ರಗಳ ಜೊತೆ ಬರುವ ಜರ್ಮನ್ ಕಾಗದಗಳನ್ನು ಇಂಗ್ಲಿಷಿಗೆ ಮಾಡಿದವಳು ನಾನು. ನಿವೃತ್ತಳಾಗಿ ಈ ಊರಿಗೆ ಬಂದು ಎರಡು ಕೋಣೆ ಹಿಡಿದಾಗ ಮಾತಾಡಲು ಜನವಿರಲಿಲ್ಲ. ‘ಜರ್ಮನ್ ಕಲಿಸಲಾಗುವುದು’ ಎಂದು ಬೋರ್ಡು ಬರೆಸಿದೆ. ಎಂಟು ತಿಂಗಳು ಅದನ್ನು ಕಾಗೆಗಳೇ ಓದಿದವು. ಆಮೇಲೆ ಪರದೇಶದ ಆಸ್ಪತ್ರೆಗೆ ಹೋಗಬೇಕೆನ್ನುವ ನರ್ಸ್ ಹುಡುಗಿಯರು ಬಂದಿರಿ. ಸವದತ್ತಿಯಿಂದ ಇಬ್ಬರು, ದೊಡವಾಡದಿಂದ ನೀನು. ಮೊದಲ ದಿನ ನೀನು ಹೊಸ್ತಿಲಾಚೆ ನಿಂತು “ಒಳಗ ಬರ್ಲೇನ್ರಿ ಅಕ್ಕಾರ?” ಎಂದೆ. ಮೂರು ತಿಂಗಳಲ್ಲಿ ನನ್ನ ಅಡುಗೆಮನೆಯ ಸಕ್ಕರೆ ಡಬ್ಬಿ ಎಲ್ಲಿದೆಯೆಂದು ನನಗಿಂತ ನಿನಗೆ ಚೆನ್ನಾಗಿ ಗೊತ್ತಿತ್ತು.

ಪುಸ್ತಕದ ಪಾಠ ನಿಮಗೆ ಹಿಡಿಸಲಿಲ್ಲವೆಂದು ನಾನೇ ಕಥೆ ಬರೆಯತೊಡಗಿದೆ. ವಾರಕ್ಕೊಂದು ಕಂತು, ಕಂತಿಗೊಂದು ವ್ಯಾಕರಣ, ಕೊನೆಗೆ ಇಪ್ಪತ್ತು ಹೊಸ ಶಬ್ದ. ನದೀ ದಂಡೆಯ ಸಣ್ಣ ಊರಿನಲ್ಲಿ ಅಂಗಿಯ ಗುಂಡಿ ಮಾರುವ ಅಂಗಡಿಯಲ್ಲಿ ಕೆಲಸ ಮಾಡುವ ಹಾನ್ನಾ, ಆಕೆಗೆ ಕೋಣೆ ಬಾಡಿಗೆ ಕೊಟ್ಟ ಮುದುಕಿ ಲೆಂಟ್ಸ್ ಬಾಯಿ. ದೊಡ್ಡ ಊರಿಗೆ ಹೋಗಬೇಕೆನ್ನುವುದು ಹಾನ್ನಾಳ ಆಸೆ. ಸವದತ್ತಿಯ ಹುಡುಗಿಯರು ಅಭ್ಯಾಸದ ಖಾಲಿ ಜಾಗ ತುಂಬಿ ಬಸ್ಸಿಗೆ ಓಡುತ್ತಿದ್ದರು. ನೀನು ಮಾತ್ರ ಕೂತಿರುತ್ತಿದ್ದೆ.

ಹೋಗು, ಬರು, ಬೀಳು ಎಂಬ ಚಲನೆಯ ಕ್ರಿಯಾಪದಗಳು ಭೂತಕಾಲದಲ್ಲಿ ಒಂದು ಗುಂಪು ಎಂದು ಹೇಳಿಕೊಟ್ಟ ದಿನ ನೆನಪಿದೆಯೇ? ‘ಬ್ಲೈಬೆನ್’, ಅಂದರೆ ಇದ್ದಲ್ಲೇ ಉಳಿಯುವುದು, ಅದೂ ಅದೇ ಗುಂಪಿನದು ಎಂದೆ. “ಉಳಿಯೂದ್ರಾಗ ಹೋಗೂದೇನೈತ್ರಿ?” ಎಂದು ನೀನು ಕೇಳಿದೆ. ಮೂವತ್ತು ವರ್ಷದಲ್ಲಿ ನನಗೆ ಆ ಪ್ರಶ್ನೆ ಹೊಳೆದಿರಲಿಲ್ಲ. ಆಮೇಲೆ ನೀನು ಹಾಳೆ ಮಡಚುತ್ತಾ ಪ್ರತಿ ಸಲದಂತೆ ಕೇಳಿದೆ: “ಮುಂದ ಏನಾತ್ರಿ ಅಕ್ಕಾರ?” ಮುಂದೆ ಏನಾಯಿತು ಎಂದು ನನ್ನನ್ನು ಅದಕ್ಕೆ ಮೊದಲು ಯಾರೂ ಯಾವತ್ತೂ ಕೇಳಿರಲಿಲ್ಲ.

ಮೂವತ್ತನೆಯ ಕಂತಿಗೆ ಪರೀಕ್ಷೆಗೆ ಬೇಕಾದ ವ್ಯಾಕರಣವೆಲ್ಲ ಮುಗಿದಿತ್ತು. ಹಾನ್ನಾ ರೈಲು ಹತ್ತಬೇಕಿತ್ತು. ನಾನು ಹತ್ತಿಸಲಿಲ್ಲ. ಒಂದು ವಾರ ಆಕೆಯ ಕೊಡೆ ಕಳೆಯಿತು, ಇನ್ನೊಂದು ವಾರ ಹಿಮ ಬಿದ್ದು ಹಳಿ ಮುಚ್ಚಿತು, ಮತ್ತೆ ಲೆಂಟ್ಸ್ ಬಾಯಿ ಹಾಸಿಗೆ ಹಿಡಿದಳು. “ಈ ವಾರ ವ್ಯಾಕರಣ ಹೊಸಾದೇನೂ ಇಲ್ಲಲ್ರಿ?” ಎಂದು ನೀನು ಕೇಳಿದೆ. “ಹಿಂದಿಂದ ಗಟ್ಟಿ ಮಾಡ್ಲಿಕ್ಕೆ ಅದ, ಓದು” ಎಂದೆ. ನೀನು ನಂಬಿದೆ. ಮುದುಕಿಗೆ ಆರಾಮಾದ ಕಂತು ಓದಿ ಖುಷಿಯಿಂದ ಕಣ್ಣೊರೆಸಿಕೊಂಡೆ.

ಜನವರಿಯಲ್ಲಿ ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು ನಿಮ್ಮ ಮೂವರಿಂದ ಬರೆಸಿದೆ. ನೂರಕ್ಕೆ ಅರವತ್ತು ಬಂದರೆ ಪಾಸು. ಸವದತ್ತಿಯವರಿಗೆ ಅರವತ್ಮೂರು, ಅರವತ್ತಾರು. ನಿನಗೆ “ಐವತ್ನಾಲ್ಕು ಬಂದಾವ ನೋಡು. ಫೆಬ್ರುವರಿ ಪರೀಕ್ಷಾ ಬ್ಯಾಡ, ಆಗಸ್ಟ್ ತನಕಾ ತಡಿ” ಎಂದೆ. ನೀನು ಉತ್ತರಪತ್ರಿಕೆ ತೋರಿಸಿ ಎಂದೂ ಕೇಳಲಿಲ್ಲ. “ನೀವು ಹ್ಯಾಂಗ ಹೇಳ್ತೀರಿ ಹಂಗ್ರಿ” ಎಂದೆ, ಅಷ್ಟೇ.

ಆ ಉತ್ತರಪತ್ರಿಕೆಯನ್ನು ಇದರ ಜೊತೆ ಇಟ್ಟಿದ್ದೇನೆ. ಮೂಲೆಯಲ್ಲಿ ಕೆಂಪು ಪೆನ್ನಿನಲ್ಲಿ ನಾನೇ ಬರೆದದ್ದು ನೋಡು. ಎಪ್ಪತ್ತೆಂಟು.

ಅವರಿಬ್ಬರೂ ಪಾಸಾಗಿ ಜರ್ಮನಿಗೆ ಹೋದರು. ಜುಲೈಯಲ್ಲಿ, ನರ್ಸುಗಳನ್ನು ಅಲ್ಲಿಗೆ ಕಳಿಸುವ ಹುಬ್ಬಳ್ಳಿಯ ಏಜೆಂಟ್ ಜಾಗಗಳೆಲ್ಲ ತುಂಬಿದವು ಎಂದುಬಿಟ್ಟ. ಆಗಸ್ಟಿನ ಪರೀಕ್ಷೆಗೆ ನೀನು ಹೆಸರೇ ಕೊಡಲಿಲ್ಲ. ಆ ತಿಂಗಳು ನೀನು ಬಂದ ಕೊನೆಯ ಗುರುವಾರ ಚಾಪೆಯ ಮೇಲೆ ಕೂಡಲಿಲ್ಲ. ನಿಂತುಕೊಂಡೇ “ಖರೇ ಹೇಳ್ರಿ ಅಕ್ಕಾರ, ಫೆಬ್ರುವರಿದಾಗ ಪರೀಕ್ಷಾ ಬರ್ದಿದ್ರ ನಾ ಪಾಸ್ ಆಗ್ತಿದ್ದಿಲ್ಲೇನ್ರಿ?” ಎಂದೆ. ಆಗಲಾದರೂ ಹೇಳಬಹುದಿತ್ತು. “ಇಲ್ಲ ಯಶೋಧಾ, ಆಗ್ತಿದ್ದಿಲ್ಲ” ಎಂದೆ. ನೀನು ನನ್ನ ಕಾಲು ಮುಟ್ಟಿ ನಮಸ್ಕರಿಸಿ ಇಳಿದು ಹೋದೆ. ಬೈದು ಹೋಗಿದ್ದರೆ ನನಗೆ ಇಷ್ಟು ಭಾರವಾಗುತ್ತಿರಲಿಲ್ಲ.

ಯಾಕೆ ಹೀಗೆ ಮಾಡಿದೆ ಎಂದು ಕೇಳಿದರೆ ದೊಡ್ಡ ಕಾರಣವಿಲ್ಲ. ನೀನು ಹೋದರೆ ಗುರುವಾರ ಉಳಿದ ಆರು ದಿನದಂತೆ ಆಗುತ್ತದೆ ಎಂಬ ಹೆದರಿಕೆ. ನಿನ್ನ ಒಂದು ವರ್ಷ ತೆಗೆದು ನನ್ನ ವಾರ ತುಂಬಿಸಿಕೊಂಡೆ. ಕ್ಷಮಿಸು ಎನ್ನುವುದಿಲ್ಲ. ಆದರೆ ನಿನ್ನ ತಲೆಗೆ ಹತ್ತಲಿಲ್ಲ ಎಂಬುದು ಸುಳ್ಳು. ಈ ಪತ್ರದಲ್ಲಿ ಬೇರೆ ಏನನ್ನು ನಂಬದಿದ್ದರೂ ಅದೊಂದನ್ನು ನಂಬು. ನಿಮ್ಮವ್ವನಿಗೂ ಓದಿ ಹೇಳು.

ಏಜೆಂಟನಿಗೆ ತಪ್ಪು ನನ್ನದೆಂದು ಬರೆದಿದ್ದೆ. ಡಿಸೆಂಬರಿನ ಪರೀಕ್ಷೆ ಪಾಸಾದರೆ ಹೊಸ ಪಟ್ಟಿಯಲ್ಲಿ ನಿನ್ನ ಹೆಸರು ಸೇರಿಸಲು ನೋಡುತ್ತೇನೆ ಎಂದು ಉತ್ತರ ಬಂದಿದೆ, ಖಾತ್ರಿ ಕೊಟ್ಟಿಲ್ಲ. ಧಾರವಾಡದಲ್ಲಿ ಕೌಶಿಕ ಎಂಬ ಮೇಷ್ಟ್ರಿದ್ದಾರೆ. ಉಳಿದೆರಡು ತಿಂಗಳು ಅವರ ಹತ್ತಿರ ಹೋಗು. ನಿಮ್ಮೂರಿಂದ ನೇರ ಬಸ್ಸಿದೆ, ನಾನು ಮಾತಾಡಿದ್ದೇನೆ. ನಾನು ಕಲಿಸುವುದಿಲ್ಲ. ಕಲಿಸಿದರೆ ಮತ್ತೆ ಎಲ್ಲಾದರೂ ಹಿಮ ಬೀಳಿಸುತ್ತೇನೇನೋ ಎಂದು ನನ್ನ ಮೇಲೆ ನನಗೇ ಭರವಸೆಯಿಲ್ಲ.

ಕೊನೆಯ ಕಂತು ಬರೆದು ಮುಗಿಸಿ ಜೊತೆಗಿಟ್ಟಿದ್ದೇನೆ. ಹಾನ್ನಾ ಬೆಳಗಿನ ಗಾಡಿಗೆ ಹೋದಳು. ಲೆಂಟ್ಸ್ ಬಾಯಿ ನಿಲ್ದಾಣಕ್ಕೆ ಬರಲಿಲ್ಲ. ಖಾಲಿ ಜಾಗ ಒಂದನ್ನೂ ಬಿಟ್ಟಿಲ್ಲ, ಸುಮ್ಮನೆ ಓದು.

ತಪ್ಪೊಪ್ಪಿಕೊಂಡ,
ಮೃಣಾಲಿನಿ

ತಾ.ಕ.: ಇದನ್ನೆಲ್ಲ ಎದುರಿಗೇ ಹೇಳಬೇಕೆಂದು ನಿನ್ನೆ, ನಿನ್ನ ರಜೆಯ ದಿನ ನೋಡಿಕೊಂಡು, ದೊಡವಾಡದ ಬಸ್ಸು ಹತ್ತಿದ್ದೆ. ನಿಮ್ಮ ಓಣಿಯ ತಿರುವಿನಲ್ಲಿ ನಿಂತೆ. ನೀನು ನನ್ನ ಕಡೆ ಬೆನ್ನು ಮಾಡಿ ಎಮ್ಮೆಯ ಮೈ ತೊಳೆಯುತ್ತಿದ್ದೆ. ಅದು ಬಾಲ ಬೀಸಿ ನಿನ್ನ ಮುಖಕ್ಕೆ ಕೊಳೆನೀರು ಸಿಡಿಸಿತು. ನೀನು ಅದಕ್ಕೆ ಜರ್ಮನ್‌ನಲ್ಲಿ ಬೈದೆ, ಉದ್ದಕ್ಕೆ, ಉಸಿರು ಬಿಡದೆ. ಒಂದೂ ತಪ್ಪಿರಲಿಲ್ಲ. ಸುತ್ತ ಯಾರೂ ಇರಲಿಲ್ಲ. ಆ ಭಾಷೆ ಆಡಲು ನಿನಗೂ ಬೇರೆ ಯಾರೂ ಉಳಿದಿಲ್ಲವೆಂದು ಆಗ ತಿಳಿಯಿತು. ನಿನ್ನನ್ನು ಕರೆಯದೆ ಬಂದ ಬಸ್ಸಿಗೇ ತಿರುಗಿ ಬಂದೆ.