ಮಂಜಿನಲ್ಲಿ ಕೇಳಿದ ಕೂಗು

ಜಯಪ್ರಕಾಶ,

ಇವತ್ತು ಒಬ್ಬನ ಹಲ್ಲು ಮುರಿದೆ. ಸಂಸೆಯಿಂದ ಗುಡ್ಡ ಹತ್ತಿಸಲು ಕರೆದುಕೊಂಡು ಹೋದ ಐದು ಜನರಲ್ಲಿ ಅವನೊಬ್ಬ. ತುದಿಯ ಹತ್ತಿರ ಮಂಜು ಕವಿದು ಒಬ್ಬರಿಗೊಬ್ಬರು ಕಾಣದಂತಾಯಿತು. ಆಗ ಕೆಳಗಿನ ಬಂಡೆಯ ಕಡೆಯಿಂದ "ಕೂ..." ಎಂಬ ಕೂಗು ಬಂತು. ಮಂಜಿನಲ್ಲಿ ದಾರಿ ತಪ್ಪಿದವನು ಹಾಗೆ ಕೂಗಿದರೆ, ಕೇಳಿಸಿಕೊಂಡವನು ಶತ್ರುವಾದರೂ ತಿರುಗಿ ಕೂಗಲೇಬೇಕು ಎಂದು ಬೆಳಿಗ್ಗೆ ಜೀಪಿನಲ್ಲಿ ಅವರಿಗೆ ಹೇಳಿದ್ದವನು ನಾನೇ. ಕೂಗುತ್ತಾ ಓಡಿದೆ. ಜಾರಿ ಬಿದ್ದು ಮೊಣಕಾಲಿನ ಚರ್ಮ ಕಿತ್ತುಹೋಯಿತು. ಅವನು ಬಂಡೆಯ ಮೇಲೆ ಕೂತು, ನನ್ನ ವಿಡಿಯೊ ಮಾಡುತ್ತಾ ನಗುತ್ತಿದ್ದ.

"ತಮಾಷೆಗೆ ಕೂಗ್ದೆ ಅಣ್ಣಾ. ನಿಜ್ವಾಗ್ಲೂ ಬರ್ತೀರಾ ಅಂತ ನೋಡೋಕೆ."

ಕೈಯಲ್ಲಿದ್ದ ದೊಣ್ಣೆ ಬೀಸಿದೆ. ಅವನ ಬಾಯಿತುಂಬ ರಕ್ತ ಬಂದರೂ ನನ್ನ ಕೈ ನಿಲ್ಲಲಿಲ್ಲ. ಉಳಿದ ನಾಲ್ವರು ನನ್ನನ್ನು ನೆಲಕ್ಕೆ ಕೆಡವಿ ಹಿಡಿದರು.

ಸಂಜೆ ನಿನ್ನ ಹೆಂಡತಿ ಪ್ರೇಮಲತಾ ನನ್ನ ಮೊಣಕಾಲಿಗೆ ಅರಿಶಿನ ಹಚ್ಚುತ್ತಾ, "ನಮ್ಮನೆಯವ್ರ ಕೂಗು ಅವತ್ತು ಯಾರ ಕಿವಿಗಾದ್ರೂ ಬಿದ್ದಿದ್ರೆ ಜೀವ ಉಳೀತಿತ್ತು. ಅದ್ಕೇ ನಿಮ್ಗೆ ಅಷ್ಟು ಸಿಟ್ಟು ಬಂತು, ಅಲ್ವಾ ಅಣ್ಣಾ?" ಎಂದಳು.

ಹೌದೆಂದು ತಲೆಯಾಡಿಸಿದೆ.

ಹೋದ ವರ್ಷ ಅದೇ ಬಂಡೆಯ ಕೆಳಗಿನಿಂದ ನೀನು ಮೂರು ಸಲ ಕೂಗಿದ್ದೆ, ಮಾರಾಯ. ಆಗ ನಾವಿಬ್ಬರೂ ಮಾತು ಬಿಟ್ಟಿದ್ದೆವು.